ಪೇಸ್ಟ್ ಬದಲಿಸಲು ಹೋಗಿ ಅಕ್ಕನ ಮಾತು ನಿಂತ ದಿನ

ಹೋದ ವರ್ಷದ ಬೇಸಿಗೆಯ ಮಾತು. ಬುದ್ಧ ಪೂರ್ಣಿಮೆ ಮುಗಿದ ಮರುದಿನ. ನಾನು ಕಂಪ್ಲಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ರಜೆ ಇದ್ದುದರಿಂದ ಗಾದಿಗನೂರಿನಲ್ಲಿರುವ ನಮ್ಮ ಸುಜಾತಕ್ಕನ ಮನೆಗೆ ಬಂದು ಉಳಿದಿದ್ದೆ.

ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಹೊಸಪೇಟೆಯಿಂದ ಬುಕ್ಕಸಾಗರದ ಮೇಲೆ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಅವಳ ದನಿ ಕೇಳದವರಿಲ್ಲ. ಅಂಥವಳಿಗೆ ನರಗಳು ಸೊರಗುವ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಕೊನೆಗೆ ನಾಲಿಗೆ. ಈಗ ಅವಳ ಮೈಯಲ್ಲಿ ಅವಳ ಮಾತು ಕೇಳುವುದು ಕಣ್ಣು ಮಾತ್ರ. ಮಂಚದ ಎದುರು ಒಂದು ಕಂಪ್ಯೂಟರ್ ಇದೆ. ಅದರ ಕೆಳಗಿನ ಸಣ್ಣ ಕ್ಯಾಮೆರಾ ಅವಳ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡುತ್ತದೆ. ಪರದೆಯ ಮೇಲಿನ ಅಕ್ಷರಗಳನ್ನು ಅಕ್ಕ ಒಂದೊಂದಾಗಿ ದಿಟ್ಟಿಸಿದರೆ ಸಾಲು ಮೂಡುತ್ತದೆ, ಸ್ಪೀಕರ್ ಅದನ್ನು ಓದಿ ಹೇಳುತ್ತದೆ. ಪರದೆಯ ಮೂಲೆ ನೋಡಿದರೆ ಗಂಟೆ ಬಾರಿಸುತ್ತದೆ. ಅಡುಗೆಮನೆಯಲ್ಲಿದ್ದರೂ ನಾವು ಓಡಿ ಬರುತ್ತೇವೆ.

ಆ ಬೇಸಿಗೆಯಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಹೋಗತೊಡಗಿತು. ಅಕ್ಕ ಅರ್ಧ ಮಾತಿನಲ್ಲಿರುವಾಗ ಪರದೆ ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟರೆ ಮತ್ತೆ ಬರುತ್ತಿತ್ತು. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆಲ್ಲ ಅದಿರಿನ ಲಾರಿಗಳ ಕೆಂಪು ಧೂಳು. ಧೂಳು ತೆಗೆದರೂ ಬಿಸಿ ಇಳಿಯಲಿಲ್ಲ. ಹೊಸಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದೆ.

"ಪ್ರೊಸೆಸರ್ ಮ್ಯಾಲಿನ ಪೇಸ್ಟ್ ಒಣಗೇತ್ರಿ ಮೇಡಂ. ಅದರ ಬಿಸಿ ಮ್ಯಾಲಿನ ಫ್ಯಾನಿಗೆ ಏರವಲ್ದು. ತಂದು ಬಿಟ್ಟು ಹೋಗ್ರಿ, ಎರಡು ಮೂರು ದಿನದಾಗ ಮಾಡಿ ಕೊಡ್ತೀನಿ" ಎಂದರು ಅಂಗಡಿಯವರು.

ಎರಡು ಮೂರು ದಿನ ಅಕ್ಕನನ್ನು ಮೂಕಿಯಾಗಿ ಇಡುವುದು ಹೇಗೆ? ಆ ಕ್ಯಾಮೆರಾ ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಒಗ್ಗಿರಲಿಲ್ಲ. ನಾನೇ ಹಚ್ಚುತ್ತೇನೆ, ಪೇಸ್ಟ್ ಕೊಡಿ ಎಂದೆ. ಅವರು ಎರಡು ಸಿರಿಂಜ್ ಮುಂದಿಟ್ಟರು. ಒಂದು ಪಾದರಸದ ಹಾಗೆ ಹೊಳೆಯುವ ದ್ರವ ಲೋಹ, ಇನ್ನೊಂದು ಬೂದು ಬಣ್ಣದ ಮಾಮೂಲಿ ಪೇಸ್ಟ್.

"ಈ ಲೋಹದ್ದು ಮಸ್ತ್ ತಣ್ಣಗ ಇಡ್ತತಿ ಖರೆ. ಆದ್ರ ಕರೆಂಟ್ ಹರೀತತಿ. ಒಂದು ಹನಿ ಬೋರ್ಡ್ ಮ್ಯಾಲ ಬಿತ್ತಂದ್ರ ಎಲ್ಲಾ ಸುಟ್ಟ ಹೊಕ್ಕತಿ. ಮನ್ಯಾಗ ಮಾಡೋರಿಗೆ ಬ್ಯಾಡ್ರಿ."

ಸುಡುತ್ತದೆ ಎಂಬ ಮಾತು ಕೇಳಿ ಅದನ್ನು ಅತ್ತ ಸರಿಸಿದೆ. ಬೂದು ಪೇಸ್ಟನ್ನೇ ತಂದೆ.

ಮರುದಿನ ಬೆಳಿಗ್ಗೆ ಭಾವ ಸಂಡೂರಿನ ಗಣಿಗೆ ಡ್ಯೂಟಿಗೆ ಹೋದರು. ಅವರು ಅಲ್ಲಿ ಟಿಪ್ಪರ್ ಓಡಿಸುತ್ತಾರೆ. ತಿಂಡಿಯ ಹೊತ್ತಿಗೆ ಕಂಪ್ಯೂಟರ್ ಮತ್ತೆ ಆರಿತು. ಇನ್ನು ತಡ ಮಾಡಬಾರದೆಂದು, ಅದು ಮರಳಿ ಬಂದ ಕೂಡಲೇ ಅಕ್ಕನಿಗೆ ಹೇಳಿದೆ: "ಅಕ್ಕಾ, ಸ್ವಲ್ಪ ಹೊತ್ತು ಬಂದ್ ಮಾಡ್ತೀನಿ. ಪೇಸ್ಟ್ ಬದ್ಲಿ ಮಾಡ್ಬೇಕು. ಈಗ ಏನರ ಬೇಕಾ?"

ಅಕ್ಕ ಅಕ್ಷರಗಳನ್ನು ನೋಡಿದಳು. ಸ್ಪೀಕರ್ ಹೇಳಿತು: "ಏನೂ ಬ್ಯಾಡ. ಜಲ್ದಿ ಮಾಡು."

ಅವಳ ಬಾಯೊರೆಸಿ, ದಿಂಬು ಎತ್ತರಿಸಿ, ಸ್ವಿಚ್ ಆರಿಸಿದೆ. ಮಂಚಕ್ಕೆ ಎದುರಾಗಿಯೇ ಕೂತು ಕೆಲಸ ಶುರು ಮಾಡಿದೆ. ತಿರುಪು ಬಿಚ್ಚಿ ಫ್ಯಾನ್ ಎತ್ತಿದರೆ ಅದು ಜಪ್ಪಯ್ಯ ಎಂದರೂ ಏಳಲಿಲ್ಲ. ಮೆಲ್ಲಗೆ ತಿರುಗಿಸಿ ಬಿಡಿಸಬೇಕೆಂದು ವೀಡಿಯೊದಲ್ಲಿ ನೋಡಿದ್ದೆ. ತಿರುಗಿಸಿದೆ. ಇನ್ನೊಂದು ಸಲ ಎತ್ತಿದೆ. ಟಕ್ ಎಂದು ಸದ್ದಾಗಿ ಫ್ಯಾನ್ ಕೈಗೆ ಬಂತು. ಬೋರ್ಡ್ ನೋಡಿದರೆ ಪ್ರೊಸೆಸರ್ ಇರಬೇಕಾದ ಜಾಗ ಖಾಲಿ! ಒಣಗಿದ ಪೇಸ್ಟ್ ಸಿಮೆಂಟಿನಂತೆ ಹಿಡಿದು, ಪ್ರೊಸೆಸರ್ ಬುಡಸಮೇತ ಕಿತ್ತು ಫ್ಯಾನಿಗೆ ಅಂಟಿಕೊಂಡೇ ಬಂದಿತ್ತು.

 ಅದರ ಅಡಿಯಲ್ಲಿ ಕೂದಲೆಳೆಯಂಥ ಚಿನ್ನದ ಬಣ್ಣದ ಪಿನ್ನುಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದು ಮುರಿದರೂ ಕಂಪ್ಯೂಟರ್ ಏಳದೇ ಹೋಗಬಹುದು. ಬೆಳಕಿಗೆ ಹಿಡಿದು ನೋಡೋಣವೆಂದು ಕಿಟಕಿಯ ಬಳಿ ಹೋದೆ. ಒಂದು ಮೂಲೆಯಲ್ಲಿ ಕೆಲವು ಪಿನ್ನುಗಳು ಒರಗಿಹೋಗಿದ್ದವು. ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಸಂದಿಗೆ ತೂರಿಸಿ ಪ್ರೊಸೆಸರನ್ನು ಬಿಡಿಸತೊಡಗಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಭಾವನಿಗೆ ಏನು ಹೇಳಲಿ, ಅಕ್ಕನಿಗೆ ಏನು ಹೇಳಲಿ, ಹೊಸ ಪ್ರೊಸೆಸರ್ ಎಲ್ಲಿ ಸಿಕ್ಕೀತು, ಇವೇ ತಲೆಯಲ್ಲಿ. ಕೊನೆಗೂ ಅದು ಬಿಟ್ಟುಕೊಂಡು ಅಂಗೈಗೆ ಬಂತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ತಲೆಯ ಮೇಲೆ ಗರಗರ ತಿರುಗುತ್ತಿದ್ದ ಫ್ಯಾನ್ ನಿಧಾನವಾಗಿ ನಿಂತಿತು. ಮನೆ ಒಮ್ಮೆಲೇ ಸ್ತಬ್ಧವಾಯಿತು. ಆಗ ನನ್ನ ಬೆನ್ನ ಹಿಂದೆ ಒಂದು ಸಣ್ಣ ಸದ್ದು ಕೇಳಿತು. ಹುಕ್ಕಾದಲ್ಲಿ ನೀರು ಗುಳುಗುಳು ಎನ್ನುವಂಥ ಸದ್ದು.

ತಿರುಗಿದೆ. ಅಕ್ಕನ ತಲೆ ದಿಂಬಿನಿಂದ ಜಾರಿ ಹಿಂದಕ್ಕೆ ವಾಲಿತ್ತು. ತುಟಿ ನೀಲಿಗಟ್ಟಿತ್ತು. ಕಣ್ಣು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿತ್ತು. ಜೊಲ್ಲನ್ನು ನುಂಗಲು ಅವಳಿಂದ ಆಗುವುದಿಲ್ಲ. ಅದು ಗಂಟಲಲ್ಲಿ ನಿಂತು ಉಸಿರು ಕಟ್ಟಿಸುತ್ತಿತ್ತು.

ಪ್ರೊಸೆಸರನ್ನು ಕಿಟಕಿಯಲ್ಲೇ ಇಟ್ಟು "ಅಕ್ಕಾ!" ಎಂದು ಕಿರುಚಿ ಓಡಿದೆ. ಜೊಲ್ಲು ಎಳೆಯುವ ಯಂತ್ರದ ಗುಂಡಿ ಒತ್ತಿದೆ. ಕರೆಂಟ್ ಎಲ್ಲಿದೆ? ಒಂದು ಕ್ಷಣ ನನ್ನ ಬುದ್ಧಿಯೇ ನಿಂತುಹೋಯಿತು. ಆಮೇಲೆ ಮಂಚದ ಕೆಳಗಿದ್ದ, ಕಾಲಿನಿಂದ ತುಳಿಯುವ ಪಂಪು ನೆನಪಾಯಿತು. ಅಕ್ಕನನ್ನು ನೋಡಿಹೋಗಲು ಬರುವ ನರ್ಸಮ್ಮ ಅದನ್ನು ಒಮ್ಮೆ ತೋರಿಸಿಕೊಟ್ಟಿದ್ದರು, ನಾವು ಯಾರೂ ಬಳಸಿರಲಿಲ್ಲ. ಕೈತುಂಬ ಹಳೆಯ ಪೇಸ್ಟಿನ ಕರಿ. ಪೇಸ್ಟ್ ಒರೆಸಲೆಂದು ಇಟ್ಟುಕೊಂಡಿದ್ದ ಸ್ಪಿರಿಟ್ ಸುರಿದುಕೊಂಡು ಸೀರೆಗೆ ಒರೆಸಿಕೊಂಡೆ. ಅಕ್ಕನನ್ನು ಮಗ್ಗುಲಿಗೆ ತಿರುಗಿಸಿ, ಕೊಳವೆ ಬಾಯೊಳಗೆ ಇಳಿಸಿ, ಪಂಪು ತುಳಿದೆ. ಏನೂ ಬರಲಿಲ್ಲ. ಕೊಳವೆ ಸ್ವಲ್ಪ ಹಿಂದೆಳೆದು ಮತ್ತೆ ತುಳಿದೆ. "ಅಕ್ಕಾ ಹೋಗಬ್ಯಾಡ, ಅಕ್ಕಾ ಹೋಗಬ್ಯಾಡ" ಎನ್ನುತ್ತ ತುಳಿಯುತ್ತಲೇ ಇದ್ದೆ. ಕಡೆಗೆ ಸೊರ್ರೆಂದು ದಪ್ಪನೆಯ ಜೊಲ್ಲು ಡಬ್ಬಿಗೆ ಬಿತ್ತು. ಅಕ್ಕನ ಎದೆ ಒಮ್ಮೆ ಎದ್ದಿತು. ಮತ್ತೊಮ್ಮೆ ಎದ್ದಿತು. ತುಟಿಯ ನೀಲಿ ನಿಧಾನವಾಗಿ ಇಳಿಯುವುದನ್ನು ನೋಡಿ ಪಂಪಿನಿಂದ ಕಾಲು ತೆಗೆದೆ.

ನರ್ಸಮ್ಮನಿಗೆ ಫೋನ್ ಮಾಡಿದೆ. "ಉಸಿರು ಸರಾಗ ಐತಲ್ರಿ? ಹಂಗ ಮಗ್ಗಲಕ್ಕ ಮಲಗಿಸ್ರಿ, ಕಣ್ಣಿಟ್ಟಿರ್ರಿ. ನಾ ಹೊಂಟೆ" ಎಂದರು.

ಫೋನ್ ಇಟ್ಟು ನೋಡಿದರೆ ಅಕ್ಕನ ಕಣ್ಣು ಅತ್ತಿಂದಿತ್ತ ಓಡಾಡುತ್ತಿತ್ತು. ಏನೋ ಹೇಳಬೇಕಾಗಿದೆ. ಕಂಪ್ಯೂಟರ್ ಬರುವ ಮೊದಲು ನಮ್ಮದೊಂದು ಪದ್ಧತಿ ಇತ್ತು. ನಾವು ಅಕ್ಷರಮಾಲೆ ಹೇಳುತ್ತ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವಳು ಮೇಲೆ ನೋಡುವುದು. ಕಣ್ಣು ಮುಚ್ಚಿದರೆ ಅಲ್ಲ ಎಂದು ಅರ್ಥ. ಶುರು ಮಾಡಿದೆ. ಅ, ಆ, ಇ, ಈ... ಸ್ವರಗಳು ಮುಗಿದವು. ಕ, ಖ, ಗ... ಅವಳ ಕಣ್ಣು ಏಳಲಿಲ್ಲ. ತ, ಥ, ದ... ಪ, ಫ, ಬ... ಏಳಲಿಲ್ಲ. ಉಸಿರು ಕಟ್ಟಿ ಮೆದುಳಿಗೇನಾದರೂ ಆಯಿತೇ? ನಾನು ಹೇಳುವುದು ಅವಳಿಗೆ ತಿಳಿಯುತ್ತಲೇ ಇಲ್ಲವೇ? ಯ, ರ, ಲ, ವ. ಶ, ಷ, ಸ. ಇನ್ನು ಉಳಿದಿದ್ದೇ ಎರಡು.

"ಹ" ಎಂದೆ. ಅಕ್ಕ ಮೇಲೆ ನೋಡಿದಳು.

"ಹಾಸ್ಪಿಟಲ್ಲಾ ಅಕ್ಕಾ? ಆಟೋ ಕರಿಲಾ?" ಕಣ್ಣು ಮುಚ್ಚಿದಳು. ಮತ್ತೆ ಮೊದಲಿನಿಂದ ಹೇಳಿದೆ. 'ಚ' ಬಂದಾಗ ಮೇಲೆ ನೋಡಿದಳು.

"ಹಚ್ಚು ಅಂತೀಯಾ? ಪೇಸ್ಟ್ ಹಚ್ಚು ಅಂತೀಯಾ?"

ಅಕ್ಕ ಮೇಲೆ ನೋಡಿದಳು. ನಾನು ಅವಳ ಕೈಗೆ ಮುಖ ಒತ್ತಿ ಅತ್ತುಬಿಟ್ಟೆ.

ಅವಳನ್ನು ಬಿಟ್ಟು ಕದಲಲು ಧೈರ್ಯವಿರಲಿಲ್ಲ. ಮೇಜನ್ನು ಮಂಚಕ್ಕೇ ತಾಗಿಸಿ, ಅವಳ ಮುಖದ ಮುಂದೆಯೇ ಕೂತೆ. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಒರಗಿದ ಪಿನ್ನಿಗೆ ತೊಡಿಸಿ ಕೂದಲೆಳೆಯಷ್ಟು ಎತ್ತುವುದು, ಅಕ್ಕನ ಎದೆ ಏರಿಳಿಯುವುದನ್ನು ನೋಡುವುದು, ಮತ್ತೆ ಇನ್ನೊಂದು ಪಿನ್ನು. ಒಂದು ಪಿನ್ನು ಎತ್ತುವಾಗ ಕೈ ತಪ್ಪಿ ಅದು ಆಚೆಗೇ ಬಾಗಿತು. ಮುರಿಯಿತೆಂದೇ ಕಣ್ಣು ಮುಚ್ಚಿದೆ. ಮುರಿದಿರಲಿಲ್ಲ. ಎಲ್ಲ ನೆಟ್ಟಗಾದ ಮೇಲೆ ಮೂಲೆಯ ತ್ರಿಕೋನದ ಗುರುತು ಹೊಂದಿಸಿ ಬೋರ್ಡಿನ ಮೇಲಿಟ್ಟೆ. ಒತ್ತದೆಯೇ ತಾನಾಗಿ ಇಳಿದು ಕೂತಿತು. ಹತ್ತಿಯಿಂದ ಹಳೆಯದನ್ನೆಲ್ಲ ಒರೆಸಿ, ನಡುವೆ ಕಡಲೆಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟೆ. ಹೆಚ್ಚಾದರೆ ಹೊರಗೆ ಉಕ್ಕುತ್ತದೆ, ಕಡಿಮೆಯಾದರೆ ಬಿಸಿ ಉಳಿಯುತ್ತದೆ. ಫ್ಯಾನ್ ಕೂರಿಸಿ, ಎದುರೆದುರು ಮೂಲೆಯ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ನರ್ಸಮ್ಮ ಬಂದು ಅಕ್ಕನ ಎದೆ, ನಾಡಿ ನೋಡಿ ಗಾಬರಿಯಿಲ್ಲ ಎಂದ ಮೇಲೂ ಕರೆಂಟ್ ಬಂದಿರಲಿಲ್ಲ. ಬಂದಾಗ ಗುಂಡಿ ಒತ್ತಿದೆ. ಒಳಗಿನ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಇನ್ನೂ ಕಪ್ಪು. ನರ್ಸಮ್ಮ ನನ್ನ ಭುಜ ಹಿಡಿದುಕೊಂಡರು. ಆಮೇಲೆ ಬೆಳಕು ಮೂಡಿತು.

ಕ್ಯಾಮೆರಾ ಅಕ್ಕನ ಕಣ್ಣನ್ನು ಗುರುತಿಸಿತು. ಅವಳು ತುಂಬ ಹೊತ್ತು ಅಕ್ಷರಗಳನ್ನು ದಿಟ್ಟಿಸಿದಳು. ಸ್ಪೀಕರ್ ತನ್ನ ಎಂದಿನ ಏರಿಳಿತವಿಲ್ಲದ ದನಿಯಲ್ಲಿ ಓದಿತು:

"ಭಾಳ ಹೊತ್ತಿನಿಂದ ಕರ್ಯಾಕತ್ತಿದ್ದೆ. ನಿನ್ನ ಬೆನ್ನು ಕಾಣ್ತಿತ್ತು."

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅದರಲ್ಲಿ ಸಿಟ್ಟಿತ್ತೋ, ದುಃಖವಿತ್ತೋ ಯಂತ್ರದ ದನಿಯಿಂದ ತಿಳಿಯಲಿಲ್ಲ. ಕರೆಂಟ್ ಹೋಗದೇ ಇದ್ದಿದ್ದರೆ, ತಲೆ ಮೇಲಿನ ಆ ಫ್ಯಾನಿನ ಸದ್ದು ನಿಲ್ಲದೇ ಇದ್ದಿದ್ದರೆ ಎಂದು ಮತ್ತೆ ಮತ್ತೆ ಯೋಚಿಸುತ್ತೇನೆ. ಭಾವ ಆಮೇಲೆ, ಅಕ್ಕ ಕಣ್ಣು ಬಿಗಿದು ಮುಚ್ಚಿದರೆ ಬಾರಿಸುವಂಥ ಬ್ಯಾಟರಿಯ ಕರೆಗಂಟೆಯೊಂದನ್ನು ಅವಳ ಕೆನ್ನೆಗೆ ತಾಗಿಸಿ ಕಟ್ಟಿದರು. ಆದರೂ ಯಾವ ಮನೆಯಲ್ಲೇ ಆಗಲಿ ಕರೆಂಟ್ ಹೋಗಿ ಸದ್ದಡಗಿದರೆ ನಾನು ಥಟ್ಟನೆ ಹಿಂದೆ ತಿರುಗಿ ನೋಡುತ್ತೇನೆ.

ಈ ಬೇಸಿಗೆ ಬಂದಾಗ, ಪೇಸ್ಟ್ ಒಣಗುವ ಮೊದಲೇ ಮತ್ತೆ ಬದಲಿಸೋಣವೆಂದರು ಭಾವ. ಈ ಸಲ ಅವರೂ ರಜೆ ಹಾಕಿದ್ದರು. ಕಂಪ್ಯೂಟರ್ ಆರಿಸುವ ಮುಂಚೆ ಅಕ್ಕ ಕೇಳಿದಳು: "ಅಂಜಿಕಿ ಆಗಾಕತ್ತೇತೇನು?"

"ಹೂಂ ಅಕ್ಕಾ" ಎಂದೆ.

"ನನಗೂ" ಎಂದಳು.

ಕಾಯಿಲೆ ಬಂದ ಮೇಲೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಭಾವ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ನಾನು ಸ್ವಿಚ್ ಆರಿಸಿದೆ.