ಆವಲಪ್ಪನವರ ಅಂಗೈ ಲಾರಿಗಳು

ನಮ್ಮ ಮುಂದಿನ ಕೋಣೆಯ ಬಾಡಿಗೆದಾರ ಆವಲಪ್ಪನವರು ಇಪ್ಪತ್ತು ವರ್ಷ ಲಾರಿ ಓಡಿಸಿ, ಒಂದು ದಿನ ಇದ್ದಕ್ಕಿದ್ದಂತೆ ಸ್ಟೇರಿಂಗ್ ಬಿಟ್ಟವರು. ಈಗ ಅಂಗೈಯಲ್ಲಿ ಕೂರುವ ಲಾರಿ ಕಟ್ಟುತ್ತಾರೆ. ವಿಮಾನ ನಿಲ್ದಾಣಕ್ಕೆ ಮಣ್ಣು ಹೊಡೆಯುವ ಟಿಪ್ಪರ್ ನಮ್ಮ ದೇವನಹಳ್ಳಿ ರಸ್ತೆಯಲ್ಲಿ ಹೋದರೆ ಸಾಕು, ಜಗಲಿಯಿಂದಲೇ ಕಣ್ಣಲ್ಲಿ ಅಳೆದು, ವಾರದೊಳಗೆ ಅದರ ಮರಿಯನ್ನು ಹೊರತರುತ್ತಾರೆ. ಬಂಪರಿನ ಸೊಟ್ಟ, ಮಡ್‌ಗಾರ್ಡಿನ ಕೆಸರು, ಯಾವುದೂ ತಪ್ಪುವುದಿಲ್ಲ. "ಏನಪ್ಪಾ, ಇದಕ್ಕೆ ಇನ್ಶೂರೆನ್ಸ್ ಮಾಡ್ಸಿದ್ಯಾ?" ಎಂದು ನಮ್ಮತ್ತೆ ಛೇಡಿಸಿದರೆ, "ಮೊದ್ಲು ಪೂಜೆ ಆಗ್ಲಿ ಬಿಡಕ್ಕ" ಎನ್ನುತ್ತಾರೆ. ನಿಂಬೆಹಣ್ಣು ದೊಡ್ಡದಾಯಿತೆಂದು ಚಕ್ರದಡಿ ಹಸಿ ಬಟಾಣಿ ಇಡುತ್ತಾರೆ. ಲಾರಿ ಉರುಳಿಸುವ ಮುನ್ನ ನೆಲಕ್ಕೆ ಬೋರಲು ಮಲಗಿ ಅದರಡಿ ಇಣುಕಿ, ಬಾಯಲ್ಲೇ ಮೂರು ಸಲ ಹಾರನ್ ಹೊಡೆಯುತ್ತಾರೆ. ನಾವೆಲ್ಲ ನಗುತ್ತಿದ್ದೆವು. ನನ್ನ ಮಗಳು ಅಕ್ಷತ ನಡೆಯಲು ಕಲಿತ ಮೇಲೆ ನನಗೆ ನಗು ಬರುತ್ತಿಲ್ಲ. ಟಿಪ್ಪರ್‌ಗಳು ತಿರುಗುವುದು ನಮ್ಮ ಗೇಟಿನೆದುರೇ. ಇವತ್ತು ಅವರು ನೂಲು ಹಿಡಿದು ಅವಳ ಎತ್ತರ ಅಳೆದರು, ಮರಿ ಲಾರಿಯ ಅಳತೆಗೆ ತಕ್ಕಂತೆ ಒಂದು ಬೆಂಕಿಕಡ್ಡಿ ಮುರಿದು ಅದರ ಮುಂದೆ ನಿಲ್ಲಿಸಿದರು. "ಡ್ರೈವರ್ ಸೀಟಿಂದ ನೋಡಮ್ಮ." ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಕಣ್ಣಿಟ್ಟೆ. ಖಾಲಿ ನೆಲ ಕಂಡಿತು, ಮಗು ಕಾಣಲಿಲ್ಲ. "ನಿಮ್ಗೆ ಇದೆಲ್ಲಾ ಹೆಂಗ್ ಗೊತ್ತಣ್ಣ?" ಎಂದೆ. ಅವರು ಕಡ್ಡಿಯನ್ನು ತಮ್ಮ ತಗಡಿನ ಡಬ್ಬಿಯಲ್ಲಿಟ್ಟರು. ಅಲ್ಲಿ ಇನ್ನೊಂದು ಕಡ್ಡಿ ಮೊದಲೇ ಮಲಗಿತ್ತು, ಹಳೆಯದು, ಅದಕ್ಕೆ ಕೆಂಪು ನೂಲಿನ ಲಂಗ ಸುತ್ತಿತ್ತು. ನಾನು ಅಕ್ಷತಳನ್ನು ಸೊಂಟಕ್ಕೆತ್ತಿಕೊಂಡು ಹೋಗಿ ಗೇಟಿನ ಚಿಲಕ ಹಾಕಿದೆ.