ಎರಡನೇ ಡಿಕಾಕ್ಷನ್ನಿನ ಹಳದಿ

ಬಲಗಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗೋಡೆಗೆ ಯಾವಾಗ ಸುಣ್ಣ ಹೊಡೆಸಿದ್ರಿ?" ಎಂದು ಕೇಳಿದರು. ಯಾರೂ ಹೊಡೆಸಿರಲಿಲ್ಲ. ಬಸವೇಶ್ವರನಗರದ ಈ ಮನೆಗೆ ನಾವು ಬಣ್ಣ ಬಳಿಸಿ ವರ್ಷಗಳೇ ಆಗಿದ್ದವು.

ಅವರು ಕಪ್ಪು ಕನ್ನಡಕ ಮೇಲೆತ್ತಿ ಒಮ್ಮೆ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದರು, ಒಮ್ಮೆ ಬಲಗಣ್ಣಿಗೆ. ಆಮೇಲೆ ಹಿತ್ತಿಲ ಬಾಲ್ಕನಿಗೆ ಹೋಗಿ ತಂತಿಯ ಮೇಲೆ ಒಣಗುತ್ತಿದ್ದ ತಮ್ಮದೇ ಸೀರೆಯ ಮುಂದೆ ನಿಂತರು.

"ಇದು ನೀಲಿ ಸೀರೆ ಕಣೇ!"

"ಹೌದು ಅತ್ತೆ. ನೀಲೀನೇ."

"ಬೂದು ಹಸಿರು ಅಂದ್ಕೊಂಡು ಉಟ್ಕೋತಿದ್ನಲ್ಲ ಇಷ್ಟು ದಿನ! ಯಾರಾದ್ರೂ ಒಂದು ಮಾತು ಹೇಳಬಾರದಾ?"

ಹೇಳುವುದು ಹೇಗೆ? ಅವರಿಗೆ ಹಾಗೆ ಕಾಣುತ್ತಿದೆ ಎಂದು ನಮಗಾದರೂ ಎಲ್ಲಿ ಗೊತ್ತಿತ್ತು? ಕಣ್ಣೊಳಗಿನ ಮಸೂರ ವಯಸ್ಸಾದಂತೆ ನಿಧಾನವಾಗಿ ಹಳದಿಗೆ ತಿರುಗುತ್ತದೆ, ಎಷ್ಟು ನಿಧಾನವೆಂದರೆ ಅದು ಅವರಿಗೇ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಅಲ್ಲಿಯವರೆಗೆ ಅತ್ತೆಯ ಮುಖದಲ್ಲಿ ಎರಡು ಬೇರೆಬೇರೆ ಲೋಕಗಳು ಅಕ್ಕಪಕ್ಕ ಇರುತ್ತವೆ ಎಂಬುದು ಹೊಳೆದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ನಾಗರಬಾವಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಚಿತ್ರ ಬರೆಯುವುದು ಹವ್ಯಾಸ, ಯಾರಲ್ಲೂ ಕಲಿತದ್ದಲ್ಲ. ದುಬಾರಿ ಕಾಗದ ಎದುರಿಗಿದ್ದರೆ ನನ್ನ ಕೈ ಓಡುವುದಿಲ್ಲ, ಎಲ್ಲಿ ಹಾಳಾಗುತ್ತದೋ ಎಂಬ ಭಯ. ಹಾಗಾಗಿ ರಾಜಾಜಿನಗರದ ಲಗ್ನಪತ್ರಿಕೆ ಪ್ರೆಸ್ಸೊಂದರಲ್ಲಿ ಕತ್ತರಿಸಿ ಉಳಿದ ದಪ್ಪ ಕಾರ್ಡಿನ ಪಟ್ಟಿಗಳನ್ನು ತೂಕದ ಮೇಲೆ ತರುತ್ತೇನೆ. ಒಂದು ಮೈ ನುಣುಪು, ಇನ್ನೊಂದು ಮೈ ತರಿತರಿ. ತರಿ ಇರುವ ಕಡೆ ನೀರನ್ನು ಹದವಾಗಿ ಕುಡಿಯುತ್ತದೆ. ಬಣ್ಣಕ್ಕೆ ಶಾಲೆಯ ಮಕ್ಕಳು ಒಯ್ಯುವ ಬಿಲ್ಲೆಗಳ ಡಬ್ಬಿ. ಒದ್ದೆ ಮಾಡಿದೊಡನೆ ತಾನೇ ಮೊನೆಯಾಗುವ ಒಂದು ಕುಂಚ. ಬಣ್ಣ ಕಲಸಲು ತೂತಿಲ್ಲದ ಹಳೆಯ ಇಡ್ಲಿ ತಟ್ಟೆ. ಅದರ ಗುಳಿಗಳಷ್ಟು ಅನುಕೂಲದ್ದು ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಈ ಅಗ್ಗದ ಬಣ್ಣಗಳಿಗೆ ಒಂದೊಂದಕ್ಕೂ ಒಂದೊಂದು ಗುಣ. ಕೆಂಪು ಒಣಗಿದ ಮೇಲೂ ಒಂದು ಹನಿ ನೀರು ಬಿದ್ದರೆ ಓಡಿಹೋಗುತ್ತದೆ. ನೀಲಿ ಮರಳಿನಂತೆ ಕಾಗದದ ತರಿಯಲ್ಲಿ ಕೂರುತ್ತದೆ. ಯಾವುದು ಬಿಸಿಲಿಗೆ ಬೇಗ ಮಾಸುತ್ತದೆ ನೋಡೋಣವೆಂದು ಎಲ್ಲದರ ಒಂದೊಂದು ಪಟ್ಟೆ ಎಳೆದು ಕಿಟಕಿಗೆ ಅಂಟಿಸಿಟ್ಟಿದ್ದೆ. ಅತ್ತೆ ಇದನ್ನೆಲ್ಲ ನೋಡಿ, "ಇಡ್ಲಿ ತಟ್ಟೆ ಏನು ಪಾಪ ಮಾಡಿತ್ತೋ" ಎನ್ನುವುದರ ಹೊರತು ಹೆಚ್ಚೇನೂ ಹೇಳಿದವರಲ್ಲ.

ಆ ಭಾನುವಾರ ಧೈರ್ಯ ಮಾಡಿ ಕೇಳಿದೆ. "ಅತ್ತೆ, ನಿಮ್ಮ ಎಡಗಣ್ಣಿಗೆ ಕಾಣೋದನ್ನ ಬಣ್ಣದಲ್ಲಿ ಹಿಡಿದಿಡೋಣ್ವಾ? ಆಪರೇಷನ್ ಆದ್ಮೇಲೆ ಮತ್ತೆ ಸಿಗಲ್ಲ."

"ಪೊರೆ ಬಂದಿರೋ ಕಣ್ಣಲ್ಲಿ ನೋಡೋಕೆ ಏನಿದೆಯೇ?"

"ಅದೇ ನಂಗೂ ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು."

ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು, ಟೀವಿ ಹೆಚ್ಚು ನೋಡಬಾರದು. ಹೊತ್ತು ಹೋಗದೆ ಬೇಸತ್ತಿದ್ದ ಅತ್ತೆ ಒಪ್ಪಿದರು.

ನೀಲಿ ಸೀರೆಯಿಂದಲೇ ಶುರು ಮಾಡಿದೆವು. ಅವರು ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಸೀರೆ ನೋಡುವುದು, ನಾನು ಬಣ್ಣ ಕಲಸಿ ಪಟ್ಟಿಯ ಮೇಲೆ ಹಚ್ಚಿ ತೋರಿಸುವುದು. "ಹಸಿರು ಜಾಸ್ತಿ ಆಯ್ತು." "ಇನ್ನೂ ನೀಲಿ ಹಾಕು." "ಇನ್ನೂ." ಕೊನೆಗೆ "ಹಾಂ, ಇದೇ" ಅಂದರು. ನೋಡಿದರೆ ನನ್ನ ಕಣ್ಣಿಗೆ ಸೀರೆ ಹೇಗಿತ್ತೋ ಕಾಗದದ ಬಣ್ಣವೂ ಹಾಗೇ, ಅಚ್ಚ ನೀಲಿ! ಬೂದು ಹಸಿರು ಎಲ್ಲಿ ಹೋಯಿತು? ಇಬ್ಬರಿಗೂ ಅರ್ಥವಾಗಲಿಲ್ಲ. ಸಂಜೆ ನಾನು ಪಾತ್ರೆ ತೊಳೆಯುತ್ತಿರುವಾಗ ಒಳಗಿನಿಂದ ಅತ್ತೆ ಕೂಗಿದರು.

"ಏ, ಕಾಗದಾನೂ ಅದೇ ಕಣ್ಣಲ್ಲೇ ನೋಡಿದ್ನಲ್ಲೇ! ಹಳದಿ ಕನ್ನಡಕ ಹಾಕ್ಕೊಂಡು ಎರಡನ್ನೂ ನೋಡಿದ ಹಾಗಾಯ್ತು."

ಸೋಪಿನ ಕೈಯಲ್ಲೇ ಓಡಿದೆ. ಎಷ್ಟು ಸರಳ! ಸೀರೆಯನ್ನು ಎಡಗಣ್ಣಲ್ಲಿ, ಕಾಗದವನ್ನು ಹೊಸ ಬಲಗಣ್ಣಲ್ಲಿ ನೋಡಬೇಕು. ಅಂದಿನಿಂದ ಅತ್ತೆಯ ಅಂಗೈ ಆ ಕಣ್ಣಿಂದ ಈ ಕಣ್ಣಿಗೆ ಓಡಾಡತೊಡಗಿತು.

ಆದರೆ ಎಡಗಣ್ಣಿನ ಆ ಹಳದಿ ಮಾತ್ರ ಡಬ್ಬಿಯಲ್ಲಿರಲಿಲ್ಲ. ಬಿಲ್ಲೆಯ ಹಳದಿ ನಿಂಬೆಹಣ್ಣಿನಂತೆ ಕಿರುಚುತ್ತಿತ್ತು. ಅದಕ್ಕೆ ಕಂದು ಬೆರೆಸಿದರೆ ಕೆಸರಾಯಿತು. ಅರಿಶಿನದ ನೀರು ಪ್ರಯತ್ನಿಸಿದೆ. ನನ್ನ ಕೈಯ ಸೋಪು ತಗುಲಿದ ಕಡೆ ಅದು ಕೆಂಪಾಗಿ ಕೂತಿತು. "ಮದುವೆ ಮನೆ ಓಕುಳಿ ಮಾಡ್ತಿದೀಯಾ?" ಎಂದು ಅತ್ತೆ ನಕ್ಕರು. ಕೊನೆಗೆ ಲೋಟದ ಅಂಚಿನಿಂದ ಒಂದು ಪಟ್ಟಿಯ ಮೇಲೆ ಕಾಫಿ ತೊಟ್ಟಿಕ್ಕಿದಾಗ ಅತ್ತೆ ಥಟ್ಟನೆ ನನ್ನ ಕೈ ಹಿಡಿದರು. "ಒರೆಸಬೇಡ. ಇದು ಅದಕ್ಕೆ ಹತ್ತಿರ ಇದೆ."

ಮೊದಲ ಡಿಕಾಕ್ಷನ್ ತೀರ ಕಪ್ಪು. ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ ಎರಡನೇ ಡಿಕಾಕ್ಷನ್ನನ್ನು ಒಣಗಿದ ನೀಲಿಯ ಮೇಲೆ ತೆಳ್ಳಗೆ ಹರಿಸಿದೆ. ಅತ್ತೆ ಸೀರೆ ನೋಡಿದರು, ಅಂಗೈ ಬದಲಿಸಿದರು, ಕಾಗದ ನೋಡಿದರು.

"ಇದು! ಇದೇ ಕಣೇ!"

ಆಮೇಲೆ ನಾವು ಮನೆಯೆಲ್ಲ ಹುಡುಕಿದೆವು. ಎಡಗಣ್ಣಿಗೆ ಹಾಲು ಬಾದಾಮಿ ಹಾಲಾಗಿತ್ತು. ಎದುರು ಮನೆಯ ನೇರಳೆ ಗೇಟು ಇಟ್ಟಿಗೆ ಬಣ್ಣದ ಕಡೆ ವಾಲಿತ್ತು. ಮಲ್ಲಿಗೆ ನಿನ್ನೆಯದರಂತೆ ಬಾಡಿತ್ತು. ಕೆಂಪು ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ, ಅದೇಕೋ ಎಂದು ಇಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ಕಾಲೇಜಿನಿಂದ ಬರುತ್ತಲೇ ನಾನು ಚಪ್ಪಲಿ ಬಿಡುವ ಮೊದಲೇ, "ಇವತ್ತು ಬದನೆಕಾಯಿ ನೋಡಿಟ್ಟಿದೀನಿ" ಎನ್ನುತ್ತಿದ್ದರು.

ಒಂದು ದಿನ, "ನಿನ್ನ ಮುಖಾನೂ ಹಾಕು" ಅಂದರು. ನಾನು ಎದುರಿಗೆ ಕೂತೆ. ಅವರು ಅಂಗೈ ಬದಲಿಸುತ್ತಾ ಬದಲಿಸುತ್ತಾ ಕುರ್ಚಿ ಹತ್ತಿರ ಎಳೆದುಕೊಂಡರು.

"ಈ ಹೊಸ ಕಣ್ಣಲ್ಲಿ ನೋಡಿದ್ರೆ ನಿನ್ನ ಕಣ್ಣ ಕೆಳಗೆಲ್ಲ ಕಪ್ಪು ಕಾಣತ್ತೆ. ಯಾವಾಗಿಂದ?"

"ತುಂಬಾ ದಿನ ಆಯ್ತು ಅತ್ತೆ."

"ನಾನು ನೋಡೇ ಇಲ್ವಲ್ಲ." ಅಂಗೈ ಕೆಳಗಿಳಿಸಿ, "ಬೆಳಿಗ್ಗೆ ಹಾಲು ಇನ್ಮೇಲೆ ನಾನೇ ತಗೋತೀನಿ. ನೀನು ಮಲಕ್ಕೋ" ಅಂದರು. ನಾನು ಕುಂಚ ತೊಳೆಯಲು ಎದ್ದೆ. ಮುಖದ ಬಣ್ಣ ಆ ದಿನ ಹಚ್ಚಲೇ ಇಲ್ಲ.

ಎಡಗಣ್ಣಿನ ಆಪರೇಷನ್ನೂ ಸುಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ಮೇಲೆ ನಾನು ಆ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಅತ್ತೆ ಒಂದೊಂದನ್ನೇ ಎತ್ತಿ ನೋಡಿದರು.

"ಇಷ್ಟೊಂದು ಹಳದಿ ಎಲ್ಲಿತ್ತೇ? ನೀನೇ ಜಾಸ್ತಿ ಹಾಕಿದೀಯ."

"ನೀವೇ ಒಪ್ಪಿದ್ದು ಅತ್ತೆ! ಇದೇ, ಇದೇ ಅಂದ್ರಲ್ಲ."

"ಅಂದಿರಬಹುದು. ಆದ್ರೂ ಇಷ್ಟಿರಲಿಲ್ಲ ಬಿಡು."

ಅವರು ತಮಾಷೆ ಮಾಡುತ್ತಿರಲಿಲ್ಲ. ಕಣ್ಣು ಅಷ್ಟು ಬೇಗ ಮರೆತುಬಿಟ್ಟಿತ್ತು. ಹಳದಿ ಬಂದದ್ದೂ ಅವರಿಗೆ ಗೊತ್ತಾಗಿರಲಿಲ್ಲ, ಹೋದದ್ದೂ ನೆನಪಿಲ್ಲ. ನನ್ನ ಕಣ್ಣಲ್ಲಿ ಈಗ ಎಷ್ಟು ಸೇರಿಕೊಂಡಿದೆಯೋ ಎಂದು ಯೋಚನೆಯಾಯಿತು. ಕೇಳಿ ತಿಳಿಯೋಣವೆಂದರೆ ನನ್ನ ಎರಡೂ ಕಣ್ಣು ಒಂದೇ ಮಾತು ಹೇಳುತ್ತವೆ.

ಕೆಲವು ವಾರಗಳ ನಂತರ ವಿಜಯನಗರದ ಸ್ಟೇಷನರಿ ಅಂಗಡಿಗೆ ಹೊರಟಾಗ ಅತ್ತೆ, "ನಾನೂ ಬರ್ತೀನಿ" ಎಂದು ಸೀರೆ ಬದಲಿಸಿಕೊಂಡು ಬಂದರು. ಅಂಗಡಿಯವರು ಬಣ್ಣದ ಡಬ್ಬಿ ಮುಂದಿಟ್ಟು, "ಮೊಮ್ಮಕ್ಕಳಿಗಾ ಅಮ್ಮಾ?" ಎಂದರು.

"ಅಲ್ಲ ಕಣಪ್ಪಾ, ನಂಗೇ. ನೀಲಿ ಯಾವುದರಲ್ಲಿ ಜಾಸ್ತಿ ಇದೆ, ಅದು ಕೊಡು."

ಬಿಡಿ ನೀಲಿ ಬಿಲ್ಲೆ ಸಿಗುವುದಿಲ್ಲ ಎಂದಾಗ ಅವರಿಗೆ ಬೇಸರವೇ ಆಯಿತು. ಇಡೀ ಡಬ್ಬಿ ಕೊಂಡೆವು. ಈಗ ಮಧ್ಯಾಹ್ನದ ಹೊತ್ತು ಲಗ್ನಪತ್ರಿಕೆಯ ಪಟ್ಟಿಗಳ ಮೇಲೆ ಅವರು ಬರೀ ನೀಲಿ ಎಳೆಯುತ್ತಾರೆ. ಹೂವಲ್ಲ, ಹಕ್ಕಿಯಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ತೆಳ್ಳಗಾಗುತ್ತಾ ಹೋಗುವ ಪಟ್ಟೆಗಳು. ಮೊನ್ನೆ, "ಏನಿದು ಅತ್ತೆ?" ಎಂದು ಕೇಳಿದೆ.

ತಲೆ ಎತ್ತದೆ ಹೇಳಿದರು: "ಏನೂ ಅಲ್ಲ. ನೀರು ಇನ್ನೂ ಜಾಸ್ತಿ ಮಾಡಿದ್ರೆ ಎಲ್ಲೀವರೆಗೂ ನೀಲೀನೇ ಇರತ್ತೆ ಅಂತ ನೋಡ್ತಿದೀನಿ."