ಎರವಲು ಮೆಮೊರಿಯೂ ಲಲಿತಾಬಾಯಿ ಮೇಡಂ ಅವರೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮಕ್ಕಳು ಕಂಪ್ಯೂಟರನ್ನು ಮುಟ್ಟಲೂ ಹೆದರುತ್ತಿದ್ದ ಕಾಲದಲ್ಲಿ ಅದರ ಹೊಟ್ಟೆ ಬಿಚ್ಚಿ ತೋರಿಸಿ, ಹೆದರಿಕೆ ಬಿಡಿಸಿ ಕಲಿಸಿದ ಅಧ್ಯಾಪಕರಲ್ಲಿ ಶ್ರೀಮತಿ ಲಲಿತಾಬಾಯಿ ಮೇಡಂ ಅವರದು ಮೊದಲ ಪಂಕ್ತಿಯ ಹೆಸರು. ಅವರ ವಿದ್ಯಾರ್ಥಿನಿಯಾಗಿ, ಬಳಿಕ ಅದೇ ವಿಭಾಗದ ಸಹೋದ್ಯೋಗಿಯಾಗಿ, ಅವರ ನಿವೃತ್ತಿಯ ಈ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಬರೆಯಲು ಕುಳಿತರೆ ಮಾತ್ರ ಒಂದು ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ.

ಸುಲೇಪೇಟದಲ್ಲಿ ಹುಟ್ಟಿದ ಮೇಡಂ ಶಹಾಬಾದದಲ್ಲಿ ಸೇವೆ ಆರಂಭಿಸಿ ಚಿತ್ತಾಪುರದ ನಮ್ಮ ಕಾಲೇಜಿಗೆ ಬಂದರು. ವಾಡಿಯಿಂದ ರೈಲಿನಲ್ಲಿ ಬರುತ್ತಿದ್ದ ನಮಗಾಗಿ, ಗಾಡಿ ತಡವಾದ ದಿನ ಪ್ರಾಕ್ಟಿಕಲ್ಲನ್ನೂ ತಡವಾಗಿಯೇ ಶುರುಮಾಡುತ್ತಿದ್ದರು. ಡಬ್ಬಿ ತರದ ಹುಡುಗಿಯರಿಗೆ ಅವರ ರೊಟ್ಟಿ, ಪುಂಡಿಪಲ್ಯದಲ್ಲಿ ಪಾಲಿರುತ್ತಿತ್ತು. ಮಾಡಿದ ಕೆಲಸದ ಪ್ರತಿ ತೆಗೆದಿಡುವ ಒಂದು ವಿಷಯದಲ್ಲಿ ಮಾತ್ರ ದಯೆ ದಾಕ್ಷಿಣ್ಯ ಇರಲಿಲ್ಲ. "ಎರಡು ಕಡಿ ಕಾಪಿ ಇಡ್ರಿ, ಆಮ್ಯಾಲ ಊಟಕ್ಕ ಹೋಗ್ರಿ" ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದರು.

ಎರಡು ವರ್ಷದ ಹಿಂದೆ ಲ್ಯಾಬಿನ ಕಂಪ್ಯೂಟರುಗಳಿಗೆ ಮಾಹಿತಿ ಕೂಡಿಡುವ ಹೊಸ ಎಸ್‌ಎಸ್‌ಡಿ ಡ್ರೈವುಗಳು ಬಂದವು. ಹಾಕಿಕೊಟ್ಟವನು ಮೇಡಂ ಅವರ ಹಳೆಯ ವಿದ್ಯಾರ್ಥಿ, ಶಹಾಬಾದದಲ್ಲಿ ಅಂಗಡಿ ಇಟ್ಟಿರುವ ಅತೀಕ. ಆಡಳಿತ ಮಂಡಳಿಯ ಅಧ್ಯಕ್ಷರಾದ ರೇವಣಸಿದ್ದಯ್ಯನವರು ಹೈದರಾಬಾದಿನ ನೆಂಟರ ಮನೆಯಲ್ಲಿ ಅಂಥದೇ ಡ್ರೈವು ಕಂಡಿದ್ದರು. ಅದರಲ್ಲಿ ಮೆಮೊರಿಯ ಚಿಪ್ಪೊಂದು ಹೆಚ್ಚಿಗಿತ್ತು. ನಮ್ಮ ಭಾಗದಲ್ಲಿ ಪಂಪಿನ ಮೋಟಾರು ರಿಪೇರಿಗೆ ಕೊಟ್ಟರೆ, ಒಳಗಿನ ತಾಮ್ರದ ತಂತಿ ಬದಲಾಗದಿರಲೆಂದು ಅಂಗಡಿಯ ಮುಂದೆಯೇ ಕುಳಿತು ಕಾಯುವುದು ರೂಢಿ. ಅದೇ ಕಣ್ಣಿನಿಂದ ಇದನ್ನೂ ನೋಡಿದರು. ಅತೀಕ ಚಿಪ್ಪು ಕಿತ್ತು ಮಾರಿಕೊಂಡಿದ್ದಾನೆಂದು ಮಾತು ಹಬ್ಬಿತು. ಡ್ರೈವು ಕಂಪ್ಯೂಟರಿನ ಮೆಮೊರಿಯಲ್ಲೂ ಒಂದು ಪಾಲು ಹಿಡಿದುಕೊಂಡಿರುವುದು ತಿಳಿದಾಗ ಗುಮಾನಿಗೆ ರೆಕ್ಕೆಪುಕ್ಕ ಬಂತು. ಜನ ರಿಪೇರಿಗೆ ಕೊಟ್ಟ ಯಂತ್ರಗಳನ್ನು ಅವನ ಅಂಗಡಿಯಿಂದ ವಾಪಸು ಒಯ್ದರು. ಅವನ ಮದುವೆಯಲ್ಲಿ ಉಂಡು ಬಂದವರೇ ಇದನ್ನು ನಂಬಿದ್ದು ಕಂಡು ನಾನು ದಂಗಾದೆ.

ಮೇಡಂ ಅಧ್ಯಕ್ಷರು, ಅತೀಕ ಸೇರಿ ಎಲ್ಲರನ್ನೂ ಲ್ಯಾಬಿಗೆ ಕರೆಸಿ, ಒಂದು ಡ್ರೈವು ಬಿಚ್ಚಿಟ್ಟರು.

"ಕಿತ್ತಿದ್ರ ಗುರುತು ಇರಬೇಕಲ್ರಿ? ಇದರಾಗ ಆ ಚಿಪ್ ಕೂಡಿಸೋ ಜಾಗಾನೇ ಇಲ್ಲ, ನೋಡ್ರಿ."

ಯಾವ ಮಾಹಿತಿ ಎಲ್ಲಿದೆ ಎಂಬ ಯಾದಿ ಪ್ರತಿ ಡ್ರೈವಿಗೂ ಬೇಕು. ದುಬಾರಿ ಡ್ರೈವು ಅದನ್ನು ತನ್ನದೇ ಮೆಮೊರಿಯಲ್ಲಿ ಹರವಿಕೊಂಡು ನೋಡುತ್ತದೆ. ಅಗ್ಗದ್ದು ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಎರವಲು ಕೇಳುತ್ತದೆ. ಇದನ್ನು ಮೇಡಂ ಹೇಳಿದ ಬಗೆ ಬೇರೆ.

"ನಮ್ಮ ಸುಲೇಪೇಟದಾಗ ತಗಡಿನ ಪತ್ರಾದ ಮನಿಯವ್ರು ಬಾಜೂ ಮನಿ ಮಾಳಿಗಿ ಮ್ಯಾಲ ತೊಗರಿ ಒಣಗಿಸಂಗಿಲ್ಲೇನ್ರಿ? ಮಾಳಿಗಿಯವ್ರು ತೆಗೀರಿ ಅಂದ್ರ ತೆಗೀತಾರ. ಅದಕ್ಕ ಯಾರರೆ ಕಳುವು ಅಂತಾರೇನು?"

"ಕರೆಂಟ್ ಹೋದ್ರ?" ಎಂದರು ರೇವಣಸಿದ್ದಯ್ಯನವರು.

"ಎರವಲು ಜಾಗಾದಾಗ ಹರವಿದ್ದು ಹೋಗ್ತದ್ರಿ. ಅಸಲು ಯಾದಿ ಡ್ರೈವಿನಾಗೇ ಇರ್ತದ."

"ಹಂಗಾರ ನಿಮ್ಮ ಸ್ವಂತದ್ದು ಏನರೆ ಇದರಾಗ ಇಟ್ಟು, ಚಾಲೂ ಇದ್ದಾಗ ವಯರ್ ಕಿತ್ತು ತೋರಸ್ರಿ."

ಮೇಡಂ ಡ್ರೈವನ್ನು ಮತ್ತೆ ಕಂಪ್ಯೂಟರಿಗೆ ಜೋಡಿಸಿ, ತಮ್ಮ ಚೀಲದಿಂದ ಪೆನ್‌ಡ್ರೈವ್ ತೆಗೆದರು. ತೀರಿಹೋದ ತಾಯಿ ರತ್ನಾಬಾಯಿಯವರು ಹಾಡಿದ ಬೀಸುಕಲ್ಲಿನ ಪದಗಳು ಅದರಲ್ಲಿದ್ದವು. ಪಕ್ಕದಲ್ಲೇ ಕುಳಿತಿದ್ದ ನಾನು ಕಣ್ಣಾರೆ ಕಂಡೆ: ಅವರು ಕಾಪಿ ಮಾಡಲಿಲ್ಲ, ಪೂರಾ ಆ ಡ್ರೈವಿಗೆ ವರ್ಗಾಯಿಸಿದರು. ಪೆನ್‌ಡ್ರೈವ್ ಬರಿದಾಯಿತು. ಹಾಡು ಶುರುವಾಯಿತು. ತಾಯಿಯ ದನಿ ಇನ್ನೂ ಏರುತ್ತಿರುವಾಗಲೇ ಮೇಡಂ ಬಗ್ಗಿ ವಯರು ಕಿತ್ತರು.

ಪರದೆ ಕಪ್ಪಾಯಿತು. ಅತೀಕ ಪರದೆಯ ಹತ್ತಿರ ಬಂದು ನಿಂತ. ಮತ್ತೆ ಚಾಲೂ ಮಾಡಿದಾಗ ಆ ಯಂತ್ರ ಎದ್ದು ಕೂರಲು ತೆಗೆದುಕೊಂಡ ಹೊತ್ತು ನನಗೆ ಒಂದು ಯುಗವಾಗಿತ್ತು. ಕೊನೆಗೆ ರತ್ನಾಬಾಯಿಯವರು ಮೊದಲಿನಿಂದ ಹಾಡತೊಡಗಿದರು.

ರೇವಣಸಿದ್ದಯ್ಯನವರು ಎದ್ದು ಅತೀಕನ ಕೈ ಹಿಡಿದರು. "ತಪ್ಪಾತಪ್ಪಾ. ಶಹಾಬಾದ ಬಜಾರಕ್ಕ ನಾನೇ ಬಂದು ಎಲ್ಲರ ಮುಂದ ಹೇಳ್ತೀನಿ" ಎಂದರು. ಮರುದಿನ ಹೋಗಿ ಹೇಳಿಯೂ ಬಂದರು. ಅದು ಅವರ ದೊಡ್ಡತನ.

ಎಲ್ಲರೂ ಹೋದ ಮೇಲೆ ಕೇಳಿದೆ: "ಮನ್ಯಾಗ ಇನ್ನೊಂದು ಕಾಪಿ ಅದ ಅಲ್ರಿ, ಮೇಡಂ?"

"ಇಲ್ಲವ್ವ. ಮಾಡಬೇಕಂತಿದ್ದೆ, ಆಗಿರ್ಲಿಲ್ಲ."

ಊರಿಗೆಲ್ಲ ಎರಡು ಕಾಪಿಯ ಪಾಠ ಹೇಳಿದವರ ಬಾಯಲ್ಲಿ ಈ ಮಾತು. ಸಿಟ್ಟು ಬಂತು. "ಪೆನ್‌ಡ್ರೈವಿನಾಗರೆ ಬಿಡಬಾರದಿತ್ತೇನ್ರಿ? ಹೋಗಿದ್ರ?"

"ಹೋಗಂಗಿಲ್ಲ ಅಂತ ಗೊತ್ತಿತ್ತು. ಆದ್ರ ಯಂತ್ರದ ಪೂರಾ ಖಾತ್ರಿ ಯಾರಿಗದ? ಒಂದು ಬಚಾವ್ ಇಟ್ಕೊಂಡು ಕಿತ್ತಿದ್ರ ಅವರು ನಂಬತಿದ್ದಿಲ್ಲ." ಮೇಡಂ ಚೀಲ ಹೆಗಲಿಗೇರಿಸಿದರು. "ಅತೀಕನ ಹೆಸರಿಗಿ ಇನ್ನೊಂದು ಕಾಪಿ ಎಲ್ಲಿತ್ತವ್ವ?"

ಅಂದು ಸಂಜೆಯೇ ಆ ಪದಗಳ ಪ್ರತಿಗಳಾದವು. ಒಂದು ನನ್ನ ಮನೆಯಲ್ಲಿದೆ, ಒಂದು ಅತೀಕನ ಅಂಗಡಿಯಲ್ಲಿದೆ. ಮೇಡಂ ನಿವೃತ್ತರಾದರೂ ಪಾಠ ನಿಲ್ಲಿಸದಿರಲಿ. ಬಸವಾದಿ ಶರಣರ ಕೃಪೆಯಿಂದ ಆಯುರಾರೋಗ್ಯ ತುಂಬಿ ನೂರ್ಕಾಲ ಬಾಳಲಿ. ಅವರ ಎರಡನೇ ಪ್ರತಿ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.

— ಶಿವರಂಜನಿ